ಥೈರಾಯ್ಡ್ ಆಪರೇಷನ್‌ಗೆ ಇನ್‌ಫ್ರಾರೆಡ್ ಕ್ಯಾಮೆರಾ ಕಡ್ಡಾಯವಾಗಬೇಕೆ?

ಪರ

ಪ್ಯಾರಾಥೈರಾಯ್ಡ್ ಗ್ರಂಥಿಗಳು ಸಾಮಾನ್ಯವಾಗಿ ನಾಲ್ಕು. ಒಂದೊಂದೂ ತೊಗರಿಬೇಳೆಯಷ್ಟು, ತೂಕ 30ರಿಂದ 50 ಮಿಲಿಗ್ರಾಂ. ಥೈರಾಯ್ಡಿನ ಬೆನ್ನಿಗೆ ಅಂಟಿಕೊಂಡು, ಕೊಬ್ಬಿನ ನಡುವೆ ಕೊಬ್ಬಿನಂತೆಯೇ ಕೂತಿರುತ್ತವೆ. ಅವು ಥೈರಾಯ್ಡ್ ಜೊತೆಗೇ ಹೊರಬಂದರೆ, ಇಲ್ಲವೇ ಅವುಗಳ ಕೂದಲೆಳೆಯಂಥ ರಕ್ತನಾಳ ಸುಟ್ಟರೆ ರಕ್ತದ ಕ್ಯಾಲ್ಸಿಯಂ ಕುಸಿಯುತ್ತದೆ, ಅದನ್ನು ಕಾಯುವುದು ಈ ಗ್ರಂಥಿಗಳೇ. ತುಟಿ, ಬೆರಳ ತುದಿ ಜುಮುಗುಡುತ್ತವೆ, ಕೈ ಸೆಟೆದುಕೊಳ್ಳುತ್ತದೆ. ಕೆಲವರಿಗೆ ಮಾತ್ರೆ ಬದುಕಿಡೀ ತಪ್ಪದು.

785 ನ್ಯಾನೋಮೀಟರ್ ಆಸುಪಾಸಿನ ಬೆಳಕು ಬಿಟ್ಟರೆ ಈ ಗ್ರಂಥಿ ಯಾವ ಔಷಧವೂ ಇಲ್ಲದೆ ತಾನೇ ಹೊಳೆಯುತ್ತದೆ; ಬರಿಗಣ್ಣಿಗೆ ಕಾಣದ ಆ ಹೊಳಪು ಇನ್‌ಫ್ರಾರೆಡ್ ಕ್ಯಾಮೆರಾಕ್ಕೆ ಕಾಣುತ್ತದೆ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ತಂಡ 2011ರಲ್ಲಿ ಇದನ್ನು ತೋರಿಸಿತು.

ಕ್ರಮ ತಪ್ಪಬಾರದು. ಮೊದಲು ಥಿಯೇಟರಿನ ದೀಪ ಆರಿಸಿ ಈ ಸಹಜ ಹೊಳಪನ್ನಷ್ಟೇ ನೋಡಬೇಕು. ತೆಗೆದ ಥೈರಾಯ್ಡನ್ನು ಪೆಥಾಲಜಿಗೆ ಕಳಿಸುವ ಮುನ್ನ ಟ್ರೇಯಲ್ಲಿಟ್ಟು ತಿರುಗಿಸಿ ನೋಡಬೇಕು. ಅದರ ಬೆನ್ನ ಮೇಲೆ ಹೊಳೆಯುವ ಚುಕ್ಕೆ ಕಂಡರೆ ಉಳಿಸಿಕೊಳ್ಳಲು ಅದೇ ಕೊನೆಯ ಅವಕಾಶ. ಆಮೇಲೆ 25 ಮಿಲಿಗ್ರಾಂ ಐಸಿಜಿ (ಇಂಡೋಸಯನಿನ್ ಗ್ರೀನ್ ಎಂಬ, ರಕ್ತದಲ್ಲಿ ಹರಿದು ಹೊಳೆಯುವ ಬಣ್ಣ) ಪುಡಿಯನ್ನು 10 ಮಿಲೀ ಸ್ಟೆರೈಲ್ ನೀರಿನಲ್ಲಿ ಕರಗಿಸಿ (ಸಲೈನ್ ಬೇಡ, ಕಣಕಟ್ಟುತ್ತದೆ) 2 ಮಿಲೀ ರಕ್ತನಾಳಕ್ಕೆ ಕೊಡಬೇಕು. ಒಂದೆರಡು ನಿಮಿಷದಲ್ಲಿ ಕ್ಯಾಮೆರಾದ ಪರದೆಯಲ್ಲಿ ರಕ್ತ ಹರಿಯುವ ಗ್ರಂಥಿ ಬೆಳ್ಳಗಾಗುತ್ತದೆ, ಹರಿಯದ್ದು ಕಪ್ಪಾಗೇ ಉಳಿಯುತ್ತದೆ. ಕಪ್ಪಾದದ್ದನ್ನು 1 ಮಿಮೀ ಚೂರು ಮಾಡಿ ಕತ್ತಿನ ಸ್ನಾಯುವಿನೊಳಗೆ ನೆಡಬಹುದು.

ಫ್ರಾನ್ಸಿನಲ್ಲಿ 241 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸಹಜ ಹೊಳಪು ನೋಡಿದ್ದರಿಂದಲೇ ಆಪರೇಷನ್ ನಂತರದ ಕ್ಯಾಲ್ಸಿಯಂ ಕುಸಿತ ಶೇ. 21.7ರಿಂದ 9.1ಕ್ಕೆ ಇಳಿಯಿತು. ಇಷ್ಟು ಗೊತ್ತಿದ್ದೂ ಬರಿಗಣ್ಣನ್ನೇ ನಂಬುವುದು ಸರಿಯಲ್ಲ.

ವಿರೋಧ

ಅದೇ ಪ್ರಯೋಗದಲ್ಲಿ ಕ್ಯಾಲ್ಸಿಯಂನ ಶಾಶ್ವತ ಕೊರತೆಯ ಲೆಕ್ಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ರೋಗಿಯನ್ನು ಜೀವಮಾನ ಕಾಡುವುದು ಆ ಕೊರತೆಯೇ.

ಸಹಜ ಹೊಳಪು ಗ್ರಂಥಿ ಎಲ್ಲಿದೆ ಎನ್ನುತ್ತದೆ, ಬದುಕಿದೆಯೇ ಎನ್ನುವುದಿಲ್ಲ. ರಕ್ತನಾಳ ಕಡಿದು ಟ್ರೇಗೆ ಬಿದ್ದ ಗ್ರಂಥಿಯೂ ಹಾಗೇ ಹೊಳೆಯುತ್ತದೆ. ಮೇಲೆ ಕೆಲವೇ ಮಿಲಿಮೀಟರ್ ಕೊಬ್ಬಿದ್ದರೂ ಸಾಕು, ಕ್ಯಾಮೆರಾಕ್ಕೆ ಕಾಣದು. ಬಿಡಿಸಿ ತೋರಿಸಬೇಕಾದ್ದು ಕೈಯೇ. ಇತ್ತ ಥೈರಾಯ್ಡಿನ ಕೊಲಾಯ್ಡ್ (ಅಂಟುದ್ರವ ತುಂಬಿದ) ಗಂಟು, ಕಂದು ಕೊಬ್ಬು ಸುಳ್ಳು ಹೊಳಪು ತೋರುತ್ತವೆ.

ಐಸಿಜಿ ಕೊಟ್ಟ ಮೇಲೆ ಬಿಳಿ, ಕಪ್ಪು ಸರಿ; ಬೂದಿಬಣ್ಣ ಬಂದರೆ? ಒಬ್ಬರು ಬಿಡು ಎಂದರೆ ಇನ್ನೊಬ್ಬರು ಕತ್ತರಿಸಿ ನೆಡು ಎನ್ನುತ್ತಾರೆ. ಇನ್ನೂ ತೆಗೆಯದ ಥೈರಾಯ್ಡ್ ಭಾಗವೂ ಐಸಿಜಿಗೆ ಬೆಳಗುವುದರಿಂದ ಪಕ್ಕದ ಗ್ರಂಥಿ ಅದರಲ್ಲಿ ಕರಗಿಹೋಗುತ್ತದೆ. ಔಷಧದಲ್ಲಿ ಸೋಡಿಯಂ ಅಯೋಡೈಡ್ ಇರುವುದುಂಟು, ಅಲರ್ಜಿಯನ್ನು ಮೊದಲೇ ಕೇಳಿರಬೇಕು.

ಮರು ಆಪರೇಷನ್‌ಗೆ, ಕತ್ತಿನ ದುಗ್ಧಗ್ರಂಥಿಗಳನ್ನೆಲ್ಲ ಕೆರೆದು ತೆಗೆಯುವ ಕ್ಯಾನ್ಸರ್ ಕೇಸಿಗೆ ಕ್ಯಾಮೆರಾ ಇರಲಿ, ಒಪ್ಪುತ್ತೇನೆ. ಜಿಲ್ಲಾ ಆಸ್ಪತ್ರೆಗೆ ಮೊದಲು ಬೇಕಾದ್ದು ಬೇರೆ: ಕೆಳಗಿನ ಥೈರಾಯ್ಡ್ ಅಪಧಮನಿಯನ್ನು ಬುಡದಲ್ಲಿ ಕಟ್ಟದೆ, ಕವಲುಗಳನ್ನು ಥೈರಾಯ್ಡಿನ ಪೊರೆಯ ಮೇಲೇ ಒಂದೊಂದಾಗಿ ಕಟ್ಟುವ ತಾಳ್ಮೆ, ಮರುದಿನ ಬೆಳಿಗ್ಗೆ ಪಿಟಿಹೆಚ್ (ಪ್ಯಾರಾಥೈರಾಯ್ಡ್ ಹಾರ್ಮೋನ್), ಕ್ಯಾಲ್ಸಿಯಂ ಪರೀಕ್ಷೆ, ಮನೆಗೆ ಹೊರಟವರ ಕೈಯಲ್ಲಿ ಮಾತ್ರೆ, ಜುಮುಗುಟ್ಟಿದರೆ ಕರೆಮಾಡಲು ಒಂದು ಫೋನ್ ನಂಬರ್.