ಬಿಟ್ಟುಬಿಡ್ರಿ ಸರ್

ನರ್ಸರಿಯ ಹುಡುಗ ಹೇಳಿದ್ದು ಎರಡೇ ಮಾತು. "ಬಿಸಲಾಗ ಇಡ್ರಿ. ಆಮ್ಯಾಲ ಬಿಟ್ಟುಬಿಡ್ರಿ ಸರ್."

250 ರೂಪಾಯಿ ಕೊಟ್ಟು ತಂದವನು ಬಿಟ್ಟುಬಿಡ್ತಾನಾ? ಬೋಗನ್‌ವಿಲ್ಲಾ ಗಿಡ ಅದು. ಕಾಗದದ ಹೂವು ಅಂತೀವಲ್ಲ, ಅದೇ. ವಿಜಯಪುರದಲ್ಲಿ ರಸ್ತೆಯ ಟಾರು ಚಪ್ಪಲಿಗೆ ಅಂಟುವ ಏಪ್ರಿಲ್ ತಿಂಗಳು. ಇದೊಂದು ಮಾತ್ರ ಮದುವೆಮನೆಗೆ ಹೊರಟಂತೆ ಗುಲಾಬಿ ಬಣ್ಣ ಹೊದ್ದು ನಿಂತಿತ್ತು. ಮನೆಗೆ ತಂದರೆ ಅವ್ವ ಕನ್ನಡಕ ಏರಿಸಿ ನೋಡಿದಳು.

"ದೇವರಿಗೆ ಬರಂಗಿಲ್ಲ, ಮುಡಿಯಾಕ ಬರಂಗಿಲ್ಲ. ಮಲ್ಲಿಗಿ ತರಬಾರದಿತ್ತೇನು?"

ನಾನು ಕೇಳಿಸಿಕೊಳ್ಳಲಿಲ್ಲ. ಕುಂಡ ಚಿಕ್ಕದಾಯ್ತು, ಪಾಪ ಬೇರಿಗೆ ಇಕ್ಕಟ್ಟು ಅನಿಸಿತು. ಅದೇ ಸಂಜೆ ದೊಡ್ಡ ಕುಂಡ ತಂದು, ಗಿಡವನ್ನು ಹಿಡಿದು ಎಳೆದೆ. ಗಿಡ ಬಂತು, ಮಣ್ಣಿನ ಹೆಂಟೆ ಕೈಯಲ್ಲೇ ಪುಡಿಯಾಯಿತು. ಈ ಗಿಡದ ಬೇರು ಕೂದಲಿನಷ್ಟು ನಾಜೂಕು, ಅಲುಗಾಡಿಸಿದರೆ ಹರಿಯುತ್ತದೆ, ಇಕ್ಕಟ್ಟಾದಷ್ಟೂ ಹೂವು ಜಾಸ್ತಿ ಬಿಡುತ್ತದೆ ಅಂತ ಆಮೇಲೆ ಗೊತ್ತಾಯಿತು. ಮೂರನೇ ದಿನ ಹೂವೆಲ್ಲ ಉದುರಿದವು. ಐದನೇ ದಿನ ಎಲೆ. ವಾರದ ಕೊನೆಗೆ ಕುಂಡದಲ್ಲಿ ಉಳಿದದ್ದು ನಾಲ್ಕು ಕಡ್ಡಿ.

ಹೊಸ ಕುಂಡಕ್ಕೆ ನಾನು ತುಂಬಿದ್ದು ನಮ್ಮ ಹೊಲದ ಎರೆಮಣ್ಣು. ಜೋಳಕ್ಕೆ ಅದರಂಥ ಮಣ್ಣು ಇನ್ನೊಂದಿಲ್ಲ. ಆದರೆ ಕುಂಡದಲ್ಲಿ ಅದರ ನಡತೆಯೇ ಬೇರೆ. ನೀರು ಹಾಕಿದರೆ ಹಿಡಿದುಕೊಂಡು ಕೂರುತ್ತದೆ, ಒಣಗಿದರೆ ಬೆರಳು ತೂರುವಷ್ಟು ಬಿರಿಯುತ್ತದೆ. ಬಿರುಕು ಕಂಡಾಗಲೆಲ್ಲ ನಾನು ಇನ್ನೊಂದು ತಂಬಿಗೆ ನೀರು ಸುರಿಯುತ್ತಿದ್ದೆ. ನಮ್ಮ ಓಣಿಗೆ ನಲ್ಲಿ ನೀರು ಬರುವುದೇ ನಾಲ್ಕೈದು ದಿನಕ್ಕೊಮ್ಮೆ. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಹೆಂಡತಿ ನೋಡದಿದ್ದಾಗ ಕುಡಿಯುವ ನೀರು, ಎಲ್ಲ ಅದಕ್ಕೇ.

ಮಳೆಗಾಲಕ್ಕೆ ಅದು ಹೇಗೋ ಚಿಗುರಿತು. ಆ ಖುಷಿಯಲ್ಲಿ ಊರಿನಿಂದ ಒಂದು ಚೀಲ ಯೂರಿಯಾ ತಂದು ಒಂದು ಹಿಡಿ ಹಾಕಿದೆ. ಹದಿನೈದು ದಿನಕ್ಕೆ ಇನ್ನೊಂದು ಹಿಡಿ. ಬೇರು ಸುಟ್ಟು ಸಾಯಬೇಕಿತ್ತು. ಆದರೆ ಗಿಡ ಹಟಮಾರಿ, ಆರಡಿ ಬೆಳೆಯಿತು. ಎಲೆ ಅಂಗೈಯಗಲ, ಮುಳ್ಳು ದಬ್ಬಳದಂತೆ. ಹೂವು? ಒಂದೂ ಇಲ್ಲ. ಸಾರಜನಕ ಜಾಸ್ತಿಯಾದರೆ, ನೀರು ಜಾಸ್ತಿಯಾದರೆ ಈ ಗಿಡ ಎಲೆ ಬಿಟ್ಟುಕೊಂಡು ಆರಾಮಾಗಿ ಇದ್ದುಬಿಡುತ್ತದಂತೆ.

ಮುಳ್ಳಿನ ವಿಷಯ ಹೇಳಲೇಬೇಕು. ಗೇಟಿನ ಪಕ್ಕ ವಿದ್ಯುತ್ ಮೀಟರ್ ಇದೆ, ಕೊಂಬೆ ಅದರ ಮೇಲೆ ಮಲಗಿತ್ತು. ಮೀಟರ್ ಓದುವ ಹುಡುಗ ಒಮ್ಮೆ ಕೈ ಹಾಕಿ, ಬೆರಳು ಬಾಯಲ್ಲಿಟ್ಟುಕೊಂಡು, "ನಿಮ್ಮ ಮೀಟರ್ ನೀವ ಓದಿ ಹೇಳ್ರಿ ಕಾಕಾರ" ಅಂದ. ಓದಿದೆ. 47 ಯೂನಿಟ್, ಮುಂಗೈ ಮೇಲೆ ಮೂರು ಗೀರು.

ಅದಾದರೂ ಪರವಾಗಿಲ್ಲ. ಸಂಕ್ರಾಂತಿಗೆ ಅವ್ವ ತನ್ನ ಇಳಕಲ್ ಸೀರೆ ಒಣಹಾಕಿದ್ದಳು. ಗಾಳಿಗೆ ಹಾರಿದ ಸೆರಗು ಸೀದಾ ಗಿಡದ ಮೇಲೆ. ಕೆಂಪು ರೇಷ್ಮೆಯ ಸೆರಗು, ಅದರಲ್ಲಿ ಬಿಳಿ ತೆನಿ. ಒಂದು ಮುಳ್ಳು ಬಿಡಿಸಿದರೆ ಇನ್ನೆರಡು ಕಚ್ಚುತ್ತಿದ್ದವು. ನಾನು, ಹೆಂಡತಿ, ಮಗಳು ಮೂವರೂ ಅರ್ಧ ತಾಸು ಉಸಿರು ಬಿಗಿಹಿಡಿದು ಎಳೆ ಎಳೆಯಾಗಿ ಬಿಡಿಸಿದೆವು. ಅವ್ವ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತು ಒಂದೂ ಮಾತಾಡಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕೊನೆಗೆ ಒಂದು ತೆನಿ ಮುಳ್ಳಿನಲ್ಲೇ ಉಳಿಯಿತು.

ಅಂದಿನಿಂದ ನಾನು ಅದರ ಹತ್ತಿರ ಹೋಗಲಿಲ್ಲ. ಕೊಂಬೆ ಕತ್ತರಿಸಿ ಕಂಪೌಂಡಿನ ಮೂಲೆಗೆ ತಳ್ಳಿದೆ. ಮಾರ್ಚ್‌ನಲ್ಲಿ ನೀರಿನ ಪೈಪು ಒಡೆದು ಹತ್ತು ದಿನ ನಲ್ಲಿ ಬರಲಿಲ್ಲ, ಗಿಡದ ನೆನಪು ಯಾರಿಗೂ ಇಲ್ಲ. ಎಲೆ ಸೊರಗಿ ಜೋತುಬಿದ್ದವು.

ಹನ್ನೊಂದನೇ ದಿನ ಮಗಳು ಕೂಗಿದಳು. ಹೊಸ ಚಿಗುರಿನ ತುದಿಯೆಲ್ಲ ಬಣ್ಣ! ಪಕ್ಕದ ಮನೆಯ ಕಾಕಾರನ್ನು ಕರೆದು, "ನೋಡ್ರಿ ನಮ್ಮ ಹೂವು" ಅಂದೆ. ಮಗಳು ಹತ್ತನೇ ಇಯತ್ತೆ, ಬಿಟ್ಟಾಳೆಯೇ? "ಪಪ್ಪಾ, ಅವು ಹೂವಲ್ಲ, ಬಣ್ಣ ಬಂದಿರೋ ಎಲಿ. ಹೂವು ಒಳಗ ಅದಾವ ನೋಡು." ಬಗ್ಗಿ ನೋಡಿದೆ. ಮೂರು ಗುಲಾಬಿ ಎಲೆಗಳ ನಡುವೆ ಸಣ್ಣ ಬಿಳಿ ಕೊಳವೆಗಳು, ಮೂರೇ ಮೂರು. ಅಷ್ಟಕ್ಕೆ ಇಷ್ಟು ದಿನ ಕಾದೆನಾ!

ಅವಳೇ ಹೇಳಿದ ಇನ್ನೊಂದು ಕಥೆ. 1766ರಲ್ಲಿ ಬೋಗನ್‌ವಿಲ್ ಅನ್ನುವ ಫ್ರೆಂಚ್ ನಾವಿಕ ಭೂಮಿ ಸುತ್ತಲು ಹೊರಟ. ಅವನ ತಂಡದ ಸಸ್ಯತಜ್ಞ ಕಾಮರ್ಸನ್‌ಗೆ ಬ್ರೆಜಿಲ್‌ನಲ್ಲಿ ಈ ಗಿಡ ಸಿಕ್ಕಿತು, ನಾವಿಕನ ಹೆಸರೇ ಅದಕ್ಕೆ ಬಂತು. ಕಾಮರ್ಸನ್‌ನ ಸಹಾಯಕ ನಿಜಕ್ಕೂ ಜ್ಯಾನ್ ಬಾರೆ ಅನ್ನುವ ಹೆಂಗಸು. ಹಡಗಿಗೆ ಹೆಂಗಸರನ್ನು ಹತ್ತಿಸುತ್ತಿರಲಿಲ್ಲ, ಹಾಗಾಗಿ ಗಂಡಸಿನ ವೇಷ. ಎಲೆಗೆ ಹೂವಿನ ವೇಷ ಹಾಕುವ ಗಿಡಕ್ಕೆ ಸಿಕ್ಕ ಜನವೂ ಅಂಥವರೇ.

ಮೂಲೆಯಲ್ಲಿ ನಮ್ಮ ಕಡೆಗೆ ಬೇವಿನ ನೆರಳು, ಕಾಕಾರ ಕಡೆಗೆ ದಿನವಿಡೀ ಬಿಸಿಲು. ಕೊಂಬೆಗಳೆಲ್ಲ ಗೋಡೆ ಹಾರಿ ಅತ್ತ ಹೋದವು. ನಮಗೆ ಕಾಣುವುದು ಬೆನ್ನು. ಗೋಳಗುಮ್ಮಟ ನೋಡಲು ಬೆಂಗಳೂರಿನಿಂದ ಬಂದ ಕಾಕಾರ ಬೀಗರು ಮೊದಲ ಫೋಟೊ ಹೊಡೆಸಿಕೊಂಡಿದ್ದು ಇದರ ಕೆಳಗೆ. ಒಣಗಿದ ಬಣ್ಣದೆಲೆಗಳು ಮಾತ್ರ ಗಾಳಿಗೆ ಹಾರಿ ನಮ್ಮ ಅಂಗಳಕ್ಕೇ ಬರುತ್ತವೆ. ಬೆಳಿಗ್ಗೆ ಎದ್ದು ಗುಡಿಸುವುದು ನಾನು.

ಮೊನ್ನೆ ತಡೆಯಲಾರದೆ ಒಂದು ತಂಬಿಗೆ ನೀರು ಹಿಡಿದು ಮೂಲೆಗೆ ಹೋದೆ. ಗೋಡೆಯಾಚೆಯಿಂದ ಕಾಕಾರ ತಲೆ ಮೇಲೆದ್ದಿತು.

"ಜಾಸ್ತಿ ನೀರ್ ಹಾಕಬ್ಯಾಡ್ರಿ ಮತ್ತ. ನಮ್ಮ ಹೂವು ಹಾಳಾಗ್ತಾವ."