ಭಾವನ ಲೆಕ್ಕದಲ್ಲಿ ಎಲ್ಲ ಒಂದೇ

ಶನಿವಾರ ರಾತ್ರಿ ಹನ್ನೊಂದೂವರೆಗೆ ನಮ್ಮ ಮನೆಯ ಡಿವಿಡಿ ರೆಕಾರ್ಡರು ಆರನೇ ಸಲ ನನಗೆ ನಾಲಿಗೆ ಚಾಚಿತು. ಕೊಟ್ಟ ಡಿಸ್ಕನ್ನು ಒಳಗೆಳೆದುಕೊಳ್ಳುತ್ತದೆ, ಹಲ್ಲುನೋವಿನವರ ಹಾಗೆ ಅರ್ಧ ನಿಮಿಷ ಕಟಕಟ ಅಗಿಯುತ್ತದೆ, ಆಮೇಲೆ ಇದು ನಡೆಯುವುದಿಲ್ಲ ಎಂದು ಟೀವಿ ಪರದೆಯ ಮೇಲೆ ಬರೆದು ವಾಪಸ್ ಉಗುಳುತ್ತದೆ. ಯಾಕೆ ನಡೆಯುವುದಿಲ್ಲ, ಹಾಗಾದರೆ ಬೇರೆ ಏನು ತರಲಿ ಅನ್ನುವುದಕ್ಕೆ ಉತ್ತರವಿಲ್ಲ. ಹಟ ಹಿಡಿದ ಮಗುವಾದರೂ ಬೇಕಾದ್ದರ ಕಡೆ ಬೆರಳು ತೋರಿಸಿ ಅಳುತ್ತದೆ. ಇದಕ್ಕೆ ಆ ಮರ್ಯಾದೆಯೂ ಇಲ್ಲ.

ಶುರುವಾದದ್ದು ಅಕ್ಕನ ಮಗಳ ಫೋನಿನಿಂದ. 'ಮಾಮ, ಅಜ್ಜಿಯ ಧ್ವನಿ ಎಲ್ಲಾದರೂ ಉಳಿದಿದೆಯಾ? ನನ್ನ ಮಗಳಿಗೆ ಕೇಳಿಸಬೇಕು.' ಫೋಟೋಗಳಾದರೆ ಆಲ್ಬಮ್ಮುಗಟ್ಟಲೆ ಇವೆ. ಧ್ವನಿ ಇದ್ದದ್ದು ಒಂದೇ ಒಂದು ಕಡೆ, ಇದೇ ಹುಡುಗಿಯ ಮೊದಲ ಹುಟ್ಟುಹಬ್ಬದ ವಿಎಚ್ಎಸ್ ಕ್ಯಾಸೆಟ್ಟಿನಲ್ಲಿ. ಸರಿ, ಅಟ್ಟದಿಂದ ವಿಸಿಆರ್ ಇಳಿಯಿತು, ಅದರ ಹಿಂದೆಯೇ ಡಿವಿಡಿ ರೆಕಾರ್ಡರೂ ಇಳಿಯಿತು. ಇವೆರಡನ್ನೂ ಹೊರಗೆ ಹಾಕಿ ಎಂದು ಹೆಂಡತಿ ಹತ್ತು ವರ್ಷದಿಂದ ಹೇಳುತ್ತಿದ್ದಳು. ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ವಿಸಿಆರ್ ಮಾಡುವುದನ್ನು ನಿಲ್ಲಿಸಿದೆ, ಇನ್ನು ಹೊಸದು ಹುಟ್ಟುವುದಿಲ್ಲ ಎಂದು ನಾನೂ ಪ್ರತಿ ಸಲ ಅದೇ ಉತ್ತರ ಕೊಡುತ್ತಿದ್ದೆ. ಈ ಸಲ ಗೆದ್ದವನು ನಾನು. ಚಿತ್ರಕ್ಕೆ ಹಳದಿ ವೈರು, ಶಬ್ದಕ್ಕೆ ಕೆಂಪು ಮತ್ತು ಬಿಳಿ. ಒಂದರ ಬೆನ್ನಿಗೆ ಇನ್ನೊಂದನ್ನು ಸಿಕ್ಕಿಸಿದೆ. ಮನೆಯಲ್ಲಿ ಇಲ್ಲದ್ದು ಖಾಲಿ ಡಿಸ್ಕ್ ಒಂದೇ.

ಆ ಹೊತ್ತಿಗೇ ಭಾವ ಬಾಗಿಲಲ್ಲಿ ನಿಂತಿದ್ದರು. 'ಡಿಸ್ಕ್ ತಾನೆ? ನಾನು ತರ್ತೀನಿ ಬಿಡು.'

ಇಲ್ಲಿ ನಮ್ಮ ಭಾವನ ಬಗ್ಗೆ ಸ್ವಲ್ಪ ಹೇಳಬೇಕು. ಅವರು ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ಅವಕಾಶ ಸಿಗದೆ ಹೋಗಬಹುದು. ಅವರ ಇಡೀ ಬದುಕು ನಿಂತಿರುವುದು ಎರಡು ಪದಗಳ ಮೇಲೆ: 'ಎಲ್ಲ ಒಂದೇ.' ಗೋಡೆ ಗಡಿಯಾರಕ್ಕೆ ದಪ್ಪ ಸೆಲ್ ಬೇಕಾದಾಗ ಸಣ್ಣ ಸೆಲ್ ತರುತ್ತಾರೆ; ಮಿಕ್ಕ ಸಂದಿಗೆ ಕಾಗದ ಮಡಚಿ ತುರುಕುತ್ತಾರೆ. ಗಡಿಯಾರ ನಡೆಯುತ್ತದೆ, ಯಾರಾದರೂ ಬಾಗಿಲು ಜೋರಾಗಿ ಹಾಕುವವರೆಗೆ. ಸ್ಕ್ರೂ ಹಿಡಿಯದಿದ್ದರೆ ತಿರುಪಿನದು ತಪ್ಪಲ್ಲ, ತೂತಿನದು ತಪ್ಪು. ಪೇಪರ್ ಓದಲು ಅಕ್ಕನ ಕನ್ನಡಕ ಹಾಕಿಕೊಳ್ಳುತ್ತಾರೆ, 'ಗಾಜು ಗಾಜೇ'. ಓದಿದ ಮೇಲೆ ಒಂದು ಗಂಟೆ ತಲೆನೋವು ಅನ್ನುತ್ತಾರೆ, ಅದಕ್ಕೆ ಕಾರಣ ಪೇಪರಿನವರು ಬರೆಯುವ ಸುದ್ದಿಯಂತೆ. ಒಮ್ಮೆ ಒಂದು ಸಮಾರಂಭದಿಂದ ಎಡಗಾಲಿಗೆ ಒಂದು, ಬಲಗಾಲಿಗೆ ಇನ್ನೊಂದು ಚಪ್ಪಲಿ ಹಾಕಿಕೊಂಡು ಮನೆಗೆ ಬಂದರು. ಎರಡೂ ಕಂದು ಬಣ್ಣದ್ದೇ. ಅಕ್ಕ ತೋರಿಸಿದಾಗ ಬಗ್ಗಿ ನೋಡಿ, 'ಅದಕ್ಕೇ ದಾರಿಯುದ್ದಕ್ಕೂ ರಸ್ತೆ ಒಂದು ಕಡೆ ವಾಲಿದ ಹಾಗೆ ಅನ್ನಿಸ್ತಿತ್ತು' ಎಂದರು. ಇವರ ಮಿಕ್ಕೆರಡನ್ನು ಮೆಟ್ಟಿಕೊಂಡು ಇನ್ನೊಬ್ಬ ಪುಣ್ಯಾತ್ಮ ಎಲ್ಲಿ ವಾಲುತ್ತಿದ್ದನೋ.

ಇಂಥವರು ಡಿಸ್ಕ್ ತರಲು ಹೋದರು. ತಂದದ್ದು ಒಂದಲ್ಲ, ಐವತ್ತರ ಗೋಪುರ.

ನಾನು ಹೊದಿಕೆಯ ಮೇಲೆ ಓದಿದೆ: ಡಿವಿಡಿ+ಆರ್. ರೆಕಾರ್ಡರಿನ ಮುಖದ ಮೇಲೆ ಓದಿದೆ: ಡಿವಿಡಿ-ಆರ್, ಡಿವಿಡಿ-ಆರ್‌ಡಬ್ಲ್ಯೂ, ಡಿವಿಡಿ-ರ‍್ಯಾಮ್. ಮತ್ತೆ ಹೊದಿಕೆ ಓದಿದೆ. ಅಡ್ಡಗೆರೆಯ ಮೇಲೊಂದು ಉದ್ದಗೆರೆ ಎದ್ದು ನಿಂತಿತ್ತು, ಅಷ್ಟೇ ವ್ಯತ್ಯಾಸ.

'ಭಾವ, ಇದು ಪ್ಲಸ್ಸು. ನಮ್ಮದಕ್ಕೆ ಮೈನಸ್ಸು ಬೇಕು.'

'ಪ್ಲಸ್ ಅಂದ್ರೆ ಜಾಸ್ತಿ. ಮೈನಸ್ ಅಂದ್ರೆ ಕಡಿಮೆ. ಜಾಸ್ತಿ ಕೊಟ್ರೆ ಬೇಡ ಅನ್ನತ್ತಾ ನಿನ್ನ ಮೆಷಿನ್ನು?'

ಅನ್ನುತ್ತದೆ. ಒಂದನ್ನು ಹಾಕಿ ತೋರಿಸಿದೆ, ಅಂದಿತು. ಅಷ್ಟಕ್ಕೆ ಬಿಡುವವರು ಭಾವ ಅಲ್ಲ. 'ಮೇಲಿನದು ಧೂಳು ಹಿಡಿದಿರತ್ತೆ, ಎರಡನೇದು ಹಾಕು' ಎಂದರು. ಎರಡನೇದೂ ಹೊರಗೆ ಬಂತು. 'ಮಧ್ಯದಿಂದ ತೆಗಿ.' ಮಧ್ಯದ್ದೂ ಹೊರಗೆ. 'ತಳದ್ದು ನೋಡು, ಒಳ್ಳೇದನ್ನ ಯಾವಾಗಲೂ ತಳದಲ್ಲಿ ಇಟ್ಟಿರ್ತಾರೆ.' ಹೀಗೆ ಐವತ್ತರ ಗೋಪುರವನ್ನು ಉರುಳಿಸಿ, ಇಸ್ಪೀಟೆಲೆ ಕಲಸಿದ ಹಾಗೆ ಕಲಸಿ, ಕಣ್ಣು ಮುಚ್ಚಿಕೊಂಡು ಒಂದನ್ನು ಎತ್ತಿ ಕೊಟ್ಟರು. ಅದೂ ಹೊರಗೆ ಬಂತು. ಕೊನೆಗೆ ಎದ್ದು ಹೋಗಿ ರೆಕಾರ್ಡರಿನ ತಲೆಗೆ ಎರಡು ತಟ್ಟಿ ತಾವೇ ಒಂದನ್ನು ಹಾಕಿದರು, ನನ್ನ ಕೈಗುಣ ಸರಿಯಿಲ್ಲವೆಂಬಂತೆ. ಅದೇ ಆ ಆರನೇ ನಾಲಿಗೆ.

ನಿದ್ದೆ ಬರದೆ ರೆಕಾರ್ಡರಿನ ಕೈಪಿಡಿ ಹಿಡಿದು ಕೂತೆ. ಯಾವ ಡಿಸ್ಕ್ ನಡೆಯುತ್ತದೆ ಎನ್ನುವ ಕೋಷ್ಟಕ ಒಂದು ಪುಟ, ಅದರ ಅಡಿಟಿಪ್ಪಣಿ ಒಂದೂವರೆ ಪುಟ. ದುಂಡು ಸೊನ್ನೆ ಅಂದರೆ ನಡೆಯುತ್ತದೆ, ಕತ್ತರಿ ಅಂದರೆ ಇಲ್ಲ, ತ್ರಿಕೋನ ಅಂದರೆ ನಿಮ್ಮ ಅದೃಷ್ಟ. ಪಕ್ಕದಲ್ಲಿ ನಕ್ಷತ್ರ ಒಂದಿದ್ದರೆ ಒಂದು ಷರತ್ತು, ನಾಲ್ಕಿದ್ದರೆ ನಾಲ್ಕು. ಜಾತಕ ನೋಡುವವರೂ ಇಷ್ಟು ಹೆದರಿಸುವುದಿಲ್ಲ.

ನನಗೆ ಸಿಟ್ಟು ಬರುವುದು ಇಲ್ಲಿಯೇ. ಹಿಂದೆಯೂ ಇಂಥ ಜಗಳ ಇತ್ತು. 1975ರಲ್ಲಿ ಸೋನಿಯ ಬೀಟಾಮ್ಯಾಕ್ಸ್ ಬಂತು, ಮರುವರ್ಷ ಜೆವಿಸಿಯ ವಿಎಚ್ಎಸ್ ಬಂತು, ಎರಡೂ ವರ್ಷಗಟ್ಟಲೆ ಹೊಡೆದಾಡಿದವು. ಆದರೆ ಅದು ಪ್ರಾಮಾಣಿಕ ಜಗಳ. ಬೀಟಾ ಕ್ಯಾಸೆಟ್ಟಿನ ಗಾತ್ರವೇ ಚಿಕ್ಕದು, ತಪ್ಪು ಮೆಷಿನ್ನಿಗೆ ತಪ್ಪು ಕ್ಯಾಸೆಟ್ಟು ಕೂರುತ್ತಲೇ ಇರಲಿಲ್ಲ. ನಮ್ಮ ಭಾವನಿಗೂ ಅರ್ಥವಾಗುತ್ತಿತ್ತು. ಈ ಡಿಸ್ಕುಗಳು ಹಾಗಲ್ಲ. ಎರಡೂ 12 ಸೆಂಟಿಮೀಟರ್, ಎರಡಕ್ಕೂ ಅದೇ ನಡುತೂತು, ಅಡಿಯಲ್ಲಿ ಅದೇ ನೇರಳೆ ಹೊಳಪು. 1997ರಲ್ಲಿ ಪಯೋನಿಯರ್ ಕಂಪನಿಯ ಮೈನಸ್ ಬಂತು. 2002ರಲ್ಲಿ ಫಿಲಿಪ್ಸ್, ಸೋನಿ ಮುಂತಾದವರ ಬಳಗ ಪ್ಲಸ್ ತಂದಿತು. ಡಿಸ್ಕಿನೊಳಗಿನ ಸುರುಳಿ ಜಾಡಿನಲ್ಲಿ ತಾನು ಎಲ್ಲಿದ್ದೇನೆಂದು ಲೇಸರಿಗೆ ಗೊತ್ತಾಗಲು ಮೈಲಿಗಲ್ಲು ಬೇಕಲ್ಲ? ಮೈನಸ್ಸಿನಲ್ಲಿ ಅದು ಜಾಡಿನ ಪಕ್ಕದ ದಿಣ್ಣೆಯ ಮೇಲೆ ಸಣ್ಣ ಗುಳಿಗಳಾಗಿ ಇರುತ್ತದೆ, ಪ್ಲಸ್ಸಿನಲ್ಲಿ ಜಾಡಿನ ಅಂಕುಡೊಂಕಿನಲ್ಲೇ ಅಡಗಿರುತ್ತದೆ. ಒಂದರ ಮೈಲಿಗಲ್ಲು ಹುಡುಕಲು ಕಲಿತ ಮೆಷಿನ್ನು ಇನ್ನೊಂದರಲ್ಲಿ ದಾರಿ ತಪ್ಪುತ್ತದೆ. ಎರಡನ್ನೂ ಕಲಿತ ಮೆಷಿನ್ನುಗಳು ಆಮೇಲೆ ಬಂದವು. ನಮ್ಮದು ಅವುಗಳ ಅಜ್ಜ.

ಮೈನಸ್ ಎಂದು ನಾವು ಓದುವುದು ಅಸಲಿಗೆ ಮೈನಸ್ಸೇ ಅಲ್ಲವಂತೆ. ಅದನ್ನು ಮಾಡಿದವರ ಪ್ರಕಾರ ಅದು ಬರೀ ಅಡ್ಡಗೆರೆ, ಡ್ಯಾಶ್. ಪಕ್ಕದಲ್ಲಿ ಒಬ್ಬ ಪ್ಲಸ್ ಎಂದು ಬೋರ್ಡು ಹಾಕಿಕೊಂಡು ಕೂತ ಮೇಲೆ ಪಾಪದ ಡ್ಯಾಶು ತಾನಾಗಿಯೇ ಮೈನಸ್ ಆಗಿಹೋಯಿತು. ಇದಕ್ಕಿಂತ ತಮಾಷೆಯೆಂದರೆ, ಎರಡರ ಮೇಲೂ 4.7 ಜಿಬಿ ಎಂದೇ ಬರೆದಿದ್ದರೂ ಲೆಕ್ಕ ಹಾಕಿದರೆ ಮೈನಸ್ಸಿನಲ್ಲೇ ಸುಮಾರು 7 ಎಂಬಿ ಜಾಸ್ತಿ ಹಿಡಿಯುತ್ತದೆ. ಭಾನುವಾರ ಬೆಳಗ್ಗೆ ಭಾವನಿಗೆ ಫೋನು ಮಾಡಿ ಇದನ್ನು ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. 'ಏಳು ಎಂಬಿ ತಾನೆ? ಎಲ್ಲ ಒಂದೇ.'

ಆರ್‌ಡಬ್ಲ್ಯೂ (ಅಳಿಸಿ ಮತ್ತೆ ಬರೆಯಬಹುದಾದ ಡಿಸ್ಕ್) ತಂದರೆ ಅದಕ್ಕೆ ಮೊದಲು ರೆಕಾರ್ಡ್ ಮಾಡುವ ಬಗೆ ಯಾವುದು, ವಿಆರ್ ಮೋಡೋ ವಿಡಿಯೋ ಮೋಡೋ ಎಂಬ ಪ್ರಶ್ನೆ. ತಪ್ಪಿ ವಿಆರ್ ಒತ್ತಿದರೆ ಎಷ್ಟೋ ಪ್ಲೇಯರುಗಳು ಮುಖ ತಿರುಗಿಸುತ್ತವೆ. ಅಳಿಸಿ ಬರೆಯುವುದಕ್ಕೆ ಅದು ಸುಮಾರು 1,000 ಸಲ ಬಾಳುತ್ತದೆ, ಡಿವಿಡಿ-ರ‍್ಯಾಮ್ ಆದರೆ 1 ಲಕ್ಷ ಸಲ. ರ‍್ಯಾಮ್ ಎಂದದ್ದೇ ತಡ, 'ಅದು ಕಂಪ್ಯೂಟರಲ್ಲೇ ಇರತ್ತಲ್ಲೋ, ಅಲ್ಲಿಂದ ಕಿತ್ತು ಹಾಕು' ಎಂದರು ಭಾವ. ಫೋನಿಟ್ಟು ನಾನೇ ಹೋಗಿ ಐದು ಮೈನಸ್ ಹುಡುಕಿ ತಂದೆ. ರೆಕಾರ್ಡರು ಅಗಿಯಿತು, ಯೋಚಿಸಿತು, ನುಂಗಿತು. ಒಂದು ಗಂಟೆ ಹಿಡಿಯುವ ಎಕ್ಸ್‌ಪಿಯಿಂದ ಹಿಡಿದು ಆರು ಗಂಟೆ ಹಿಡಿಯುವ ಇಪಿವರೆಗೆ ಗುಣಮಟ್ಟದ ಮೆಟ್ಟಿಲುಗಳಿದ್ದವು. ಅಮ್ಮನಿಗೆ ಕಂಜೂಸಿ ಮಾಡುವುದೇ? ಎಕ್ಸ್‌ಪಿ ಒತ್ತಿದೆ.

ಸಂಜೆ ಅಕ್ಕ, ಭಾವ, ನಮ್ಮ ಮನೆಯವರೆಲ್ಲ ಟೀವಿ ಮುಂದೆ ಕೂತರು. ಕ್ಯಾಸೆಟ್ಟು ತಿರುಗಿತು. ಹುಟ್ಟುಹಬ್ಬದ ಬದಲು ಪರದೆಯ ಮೇಲೆ ಕ್ರಿಕೆಟ್ ಮೈದಾನ ಬಂತು. ಆಟಗಾರರು ಯಾರೂ ಇಲ್ಲ. ಮಳೆ. ಪಿಚ್ಚಿನ ಮೇಲೆ ಟಾರ್ಪಾಲು ಹೊದಿಸಿದ್ದರು. ಕ್ಯಾಸೆಟ್ಟನ್ನು ಮುಂದೆ ಓಡಿಸಿದೆ: ಟಾರ್ಪಾಲು. ಇನ್ನೂ ಓಡಿಸಿದೆ: ಟಾರ್ಪಾಲಿನ ಮೇಲೆ ನಿಂತ ನೀರು, ಕೊಡೆ ಹಿಡಿದು ಅದನ್ನು ನೋಡುತ್ತಿರುವ ಇಬ್ಬರು.

ನಾನು ಕ್ಯಾಸೆಟ್ಟು ಹೊರತೆಗೆದು ಬೆನ್ನು ತಿರುಗಿಸಿದೆ. ವಿಎಚ್ಎಸ್ ಬೆನ್ನಿನ ಎಡ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಚೂರು ಇರುತ್ತದೆ. ಅದನ್ನು ಮುರಿದರೆ ಮೇಲೆ ಇನ್ನೇನೂ ರೆಕಾರ್ಡ್ ಆಗುವುದಿಲ್ಲ. ನಾನು ಅವತ್ತೇ ಮುರಿದಿಟ್ಟಿದ್ದೆ, ಚೆನ್ನಾಗಿ ನೆನಪಿದೆ. ಆ ಗುಂಡಿಯ ಮೇಲೆ ಸೆಲ್ಲೋಟೇಪು, ಹಳದಿ ಬಣ್ಣಕ್ಕೆ ತಿರುಗಿದ್ದು, ಅಚ್ಚುಕಟ್ಟಾಗಿ ಅಂಟಿಸಿತ್ತು.

ಯಾರೂ ಮಾತಾಡಲಿಲ್ಲ. ಅಕ್ಕ ಮಾತ್ರ ಭಾವನ ಕಡೆ ತಿರುಗಿದಳು. ಭಾವ ಸೀಲಿಂಗ್ ನೋಡುತ್ತ, 'ಅವತ್ತು ಕೈಗೆ ಸಿಕ್ಕಿದ್ದು ಅದೇ ಕ್ಯಾಸೆಟ್ಟು. ನಾನಂದ್ಕೊಂಡೆ, ಎಲ್ಲ...' ಎಂದು ಅರ್ಧಕ್ಕೆ ನಿಲ್ಲಿಸಿದರು. ಅವರು ಆ ಮಾತನ್ನು ಪೂರ್ತಿ ಮಾಡದೆ ಬಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆ ಮಳೆ ನಿಲ್ಲಲೇ ಇಲ್ಲ. ಎರಡೂ ಮುಕ್ಕಾಲು ಗಂಟೆಯ ಹತ್ತಿರ ಚಿತ್ರ ಒಮ್ಮೆ ಕುಂಟಿ, ಗೆರೆ ಗೆರೆಯಾಗಿ, ತಟ್ಟನೆ ನಮ್ಮ ಹಳೆಯ ಮನೆಯ ನಡುಮನೆ ಬಂತು. ಗೋಡೆಯ ಬಣ್ಣ, ಮೂಲೆಯ ಮೇಜು, ಬಲೂನು. ಮೇಲೆ ಎಡ ಮೂಲೆಯಲ್ಲಿ ಕೆಂಪಗೆ ಏನೋ ಉಬ್ಬಿಕೊಂಡಿತ್ತು. ಭಾವನ ಹೆಬ್ಬೆರಳು, ಕ್ಯಾಮೆರಾ ಹಿಡಿದಿದ್ದವರು ಅವರೇ. ಅಮ್ಮ ಸೆರಗು ಸರಿಮಾಡಿಕೊಂಡು ಎದುರು ಬಂದು ನಿಂತಳು.

'ಇದು ಫೋಟೋನಾ, ವಿಡಿಯೋನಾ?'

ಕ್ಯಾಮೆರಾದ ಹಿಂದಿನಿಂದ ಭಾವನ ಎಳೆಯ ಧ್ವನಿ: 'ಎರಡೂ ಒಂದೇ ಅತ್ತೆ, ಸುಮ್ನೆ ನಿಂತ್ಕೊಳ್ಳಿ.'

ಅಮ್ಮ ನಿಂತಳು. ಕೈ ಎರಡೂ ಪಕ್ಕಕ್ಕೆ, ಗದ್ದ ಸ್ವಲ್ಪ ಮೇಲೆ, ಉಸಿರು ಬಿಗಿಹಿಡಿದು. ಹಿಂದೆ ಮಕ್ಕಳು ಓಡಾಡುತ್ತಿವೆ, ಬಲೂನೊಂದು ಒಡೆಯಿತು, ಅಮ್ಮ ಅಲ್ಲಾಡಲಿಲ್ಲ. ಒಂದೂವರೆ ನಿಮಿಷ. ಆಮೇಲೆ ತುಟಿ ಮಾತ್ರ ಆಡಿಸಿ ಕೇಳಿದಳು: 'ಆಯ್ತಾ? ನಾನು ಕಣ್ಣು ಮಿಟುಕಿಸಿಬಿಟ್ಟೆ ಅನ್ಸತ್ತೆ. ಇನ್ನೊಂದು ತೆಗೀರಿ.'

ಅಲ್ಲಿಗೆ ಕ್ಯಾಸೆಟ್ಟು ಮುಗಿಯಿತು. ಟೀವಿಯಲ್ಲಿ ಬರೀ ಕಪ್ಪು ಬಿಳಿ ಇರುವೆಗಳು. ಅಕ್ಕ ಎದ್ದು ಒಳಗೆ ಹೋದಳು. ಭಾವ ರಿಮೋಟು ತೆಗೆದುಕೊಂಡು, ಏನೂ ಒತ್ತದೆ, ಅದರ ಹಿಂದಿನ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಿದ್ದರು.

ಆ ಎರಡು ನಿಮಿಷ ಡಿಸ್ಕಿಗೆ ಇಳಿಯಿತು. ಭಾವ ಬಿಸಿಬಿಸಿಯಾಗಿಯೇ ಅದನ್ನು ಮನೆಗೆ ಒಯ್ದರು. ಸೋಮವಾರ ಫೋನು, 'ನಮ್ಮ ಪ್ಲೇಯರ್ ಕೆಟ್ಟಿದೆ, ಹೊಸದು ತಗೋಬೇಕು.' ಪ್ಲೇಯರ್ ಕೆಟ್ಟಿರಲಿಲ್ಲ. ರೆಕಾರ್ಡರಿನಲ್ಲಿ ಫೈನಲೈಸ್ ಎಂದು ಒತ್ತಿ, ಅದು ತನ್ನ ಪಟ್ಟಿ ಬರೆದು ಬಾಗಿಲು ಹಾಕುವ ತನಕ ಕಾಯದಿದ್ದರೆ ಆ ಡಿಸ್ಕನ್ನು ಬೇರೆ ಪ್ಲೇಯರುಗಳು ಗುರುತಿಸುವುದಿಲ್ಲ. ನಾನು ಒತ್ತಿರಲಿಲ್ಲ. ಈ ತಪ್ಪು ನನ್ನದೇ, ಅದನ್ನು ಭಾವನಿಗೆ ಇನ್ನೂ ಹೇಳಿಲ್ಲ. ಮಂಗಳವಾರ ಅವರು ಡಿಸ್ಕ್ ವಾಪಸ್ ತಂದರು, ಕೆಲವು ನಿಮಿಷ ಫೈನಲೈಸ್ ಆಯಿತು, ಪಕ್ಕದಲ್ಲೇ ಕೂತು ಕಾದರು. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತ ಮೆಲ್ಲಗೆ, 'ಇನ್ನೊಂದು ತೆಗೆದಿಡು. ಮೈನಸ್ಸಲ್ಲೇ' ಎಂದರು. ಪ್ಲಸ್ಸುಗಳನ್ನು ದಾರ ಕಟ್ಟಿ ಬಾಲ್ಕನಿಯಲ್ಲಿ ತೂಗುಹಾಕಿದ್ದೇನೆ. ಪಾರಿವಾಳಗಳು ಒಂದು ದಿನ ಹೆದರಿದವು.

ಇಷ್ಟೆಲ್ಲ ಆದ ಮೇಲೆ ಅಕ್ಕನ ಮಗಳು ಹೇಳುತ್ತಾಳೆ, ಅವಳ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲವಂತೆ! ನಾನು ಕಂಪ್ಯೂಟರು, ವೈರು ಎಂದು ಹುಡುಕುವಷ್ಟರಲ್ಲಿ ಭಾವ ಟೀವಿಯಲ್ಲಿ ಡಿಸ್ಕ್ ಓಡಿಸಿ, ಎದುರಿಗೆ ತಮ್ಮ ಮೊಬೈಲ್ ಹಿಡಿದು, ತೆಗೆದು, ಕಳಿಸಿಯೂ ಬಿಟ್ಟರು. ಹತ್ತು ನಿಮಿಷಕ್ಕೆ ಅವಳ ಮೆಸೇಜು ನನಗೆ ಬಂತು: 'ಮಗಳು ನಾಲ್ಕು ಸಲ ನೋಡಿದಳು ಮಾಮ, ಅಜ್ಜಿ ಹಾಗೇ ನಿಲ್ತಾಳೆ ಈಗ. ಅದಿರಲಿ, ಎಡಗಡೆ ಮೇಲೆ ಒಂದು, ಬಲಗಡೆ ಕೆಳಗೆ ಒಂದು ಕೆಂಪಗೆ ಕಾಣತ್ತಲ್ಲ, ಅದೇನು?'

'ನಿಮ್ಮಪ್ಪ' ಅಂತ ಬರೆದೆ.