ಶಾರ್ಟೇಜ್ ಲಿಸ್ಟು ಮೂರನೇ ವಾರಕ್ಕೇ ಬಂದರೆ?

ನಾನು ಮಂಡ್ಯದಲ್ಲಿ ಬಿಎಸ್ಸಿ ಓದುವಾಗ, ಪರೀಕ್ಷೆ ಹತ್ತಿರ ಬಂತೆಂದರೆ ನೋಟಿಸ್ ಬೋರ್ಡಿಗೆ ಒಂದು ಪಟ್ಟಿ ಬೀಳುತ್ತಿತ್ತು. ಶಾರ್ಟೇಜ್ ಲಿಸ್ಟು. ಶೇ. 75 ಹಾಜರಿ ಇಲ್ಲದವರ ಹೆಸರುಗಳು. ಅವತ್ತಿಂದ ಪ್ರಿನ್ಸಿಪಾಲರ ರೂಮಿನ ಮುಂದೆ ಕ್ಯೂ. ಡಾಕ್ಟರ್ ಸರ್ಟಿಫಿಕೇಟು ಹಿಡಿದ ಹುಡುಗರು, ನಾಗಮಂಗಲದ ಕಡೆಯಿಂದ ಬೆಳಗ್ಗೆಯೇ ಬಸ್ಸು ಹತ್ತಿ ಬಂದ ಅಪ್ಪಂದಿರು. ಹೆಗಲ ಮೇಲಿನ ಟವೆಲ್ಲು ಕೈಗೆ ತಗೊಂಡು, "ಇದೊಂದು ಸಲ ಬಿಟ್ಬುಡಿ ಸಾ" ಅನ್ನುವುದು.

ಈಗ ನಾನು ಅಮೆರಿಕದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಲೆಕ್ಕ ಹೇಳಿಕೊಡುತ್ತೇನೆ. ಎರಡು ವರ್ಷದ ಕಾಲೇಜು. ಫೀಸು ಕಡಿಮೆ, ಹೈಸ್ಕೂಲು ಮುಗಿಸಿದವರಿಗೆ ಹೆಚ್ಚುಕಡಿಮೆ ಬಾಗಿಲು ತೆರೆದೇ ಇರುತ್ತದೆ. ರಾತ್ರಿ ಪಾಳಿ ಮುಗಿಸಿ ಬರುವವರು, ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ತಾಯಂದಿರು. ನಮ್ಮ ಸರ್ಕಾರಿ ಫಸ್ಟ್ ಗ್ರೇಡ್ ಕಾಲೇಜಿನ ಮಕ್ಕಳ ಕಷ್ಟವೇ, ವೇಷ ಬೇರೆ ಅಷ್ಟೆ.

ಇಲ್ಲಿ ಹೊಸದಾಗಿ ಲರ್ನಿಂಗ್ ಅನಾಲಿಟಿಕ್ಸ್ ತಂದರು. ಯಾರು ಆನ್‌ಲೈನ್ ಪಾಠ ಎಷ್ಟು ಸಲ ತೆರೆದರು, ಹೋಂವರ್ಕು ಕೊಟ್ಟರಾ, ಟೆಸ್ಟಿನಲ್ಲಿ ಎಷ್ಟು ಬಂತು, ಎಲ್ಲ ಕೂಡಿಸಿ ಹೆಸರಿನ ಪಕ್ಕ ಒಂದು ಚುಕ್ಕಿ. ಹಸಿರು, ಹಳದಿ, ಕೆಂಪು. ಮೂರನೇ ವಾರದಲ್ಲಿ ಒಬ್ಬಳಿಗೆ ಕೆಂಪು ಬಂತು, ಹನ್ನೊಂದು ದಿನದಿಂದ ಲಾಗಿನ್ ಆಗಿಲ್ಲ ಅಂತ. ನೋಡಿದರೆ ಆಕೆ ನನ್ನ ಕ್ಲಾಸಿನ ಮೊದಲ ಬೆಂಚಿನಲ್ಲೇ ಕೂತಿದ್ದಾಳೆ! ಮನೆಯಲ್ಲಿ ನೆಟ್ ಇಲ್ಲ. ಲೈಬ್ರರಿಯಲ್ಲಿ ಒಟ್ಟಿಗೆ ಎಲ್ಲ ಪ್ರಿಂಟ್ ತೆಗೆದು, ಬಸ್ಸಿನಲ್ಲಿ ಓದಿ, ಅಂಚಿನ ತುಂಬ ಪೆನ್ಸಿಲಿನಲ್ಲಿ ಲೆಕ್ಕ ಮಾಡಿಟ್ಟಿದ್ದಳು. ಅದೇ ವಾರ ಹಸಿರು ಚುಕ್ಕಿಯ ಒಬ್ಬ ಮಹಾಶಯ ಟೆಸ್ಟಿನಲ್ಲಿ ಇಪ್ಪತ್ತಕ್ಕೆ ನಾಲ್ಕು ತೆಗೆದ. ದಿನಾ ಲಾಗಿನ್ ಆಗಿ ಸುಮ್ನೆ ಕ್ಲಿಕ್ ಮಾಡುತ್ತಿದ್ದನಂತೆ.

ಟ್ರಾಫಿಕ್ ದೀಪದಂಥ ಈ ಚುಕ್ಕಿಗಳ ಲೆಕ್ಕಾಚಾರಕ್ಕೆ ಮೊದಲು ಹೆಸರು ತಂದಿದ್ದು ಅಮೆರಿಕದ್ದೇ ಪರ್ಡ್ಯೂ ವಿಶ್ವವಿದ್ಯಾಲಯ. ದೀಪ ಹಾಕಿದ ಕೋರ್ಸುಗಳನ್ನು ಎರಡು, ಮೂರು ತಗೊಂಡವರು ಓದು ಬಿಡುವುದು ಕಡಿಮೆ ಅಂತ ಹೇಳಿಕೊಂಡಿತ್ತು. 2013ರಲ್ಲಿ ಕೆಲವರು ತಿರುಗಿಸಿ ಕೇಳಿದರು: ಓದು ಬಿಡದೆ ಉಳಿದವರೇ ತಾನೆ ಜಾಸ್ತಿ ಕೋರ್ಸು ತಗೊಳ್ಳುವುದು? ಒಳ್ಳೆ ಪ್ರಶ್ನೆ, ಅಲ್ವಾ? ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದ್ದು ಬೇರೆ ಕತೆ. ಅಲ್ಲಿ 2012ರಿಂದ ಕಂಪ್ಯೂಟರು 800ಕ್ಕೂ ಹೆಚ್ಚು ಬಗೆಯ ಎಚ್ಚರಿಕೆ ಕೊಡುತ್ತದೆ. 2016ರಲ್ಲಿ ಒಂದು ಎರಡು ವರ್ಷದ ಕಾಲೇಜನ್ನೂ ಆ ವಿಶ್ವವಿದ್ಯಾಲಯಕ್ಕೆ ಸೇರಿಸಿದರು. ಆದರೆ ಅವರು ಸಾಫ್ಟ್‌ವೇರಿನ ಜೊತೆಗೇ ಸಲಹೆಗಾರರನ್ನೂ ಹೆಚ್ಚಿಗೆ ನೇಮಿಸಿಕೊಂಡರು. ಎಚ್ಚರಿಕೆ ಬಂದರೆ ಒಬ್ಬ ಮನುಷ್ಯ ಕರೆದು ಕೂರಿಸಿ ಮಾತಾಡುತ್ತಾನೆ. ಮೆಚ್ಚುವುದಾದರೆ ನಾನು ಮೆಚ್ಚುವುದು ಇದನ್ನೇ.

ಹೋದ ವರ್ಷ ಗೌರಿ ಹಬ್ಬಕ್ಕೆ ಊರಿಗೆ ಬಂದಿದ್ದೆ. ನಮ್ಮ ಅತ್ತಿಗೆ ಅಲ್ಲೇ ಹತ್ತಿರದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಒಂದು ದಿನ ಅವರ ಕ್ಲಾಸಿನ ಹಿಂದೆ ಕೂತಿದ್ದೆ. ಹಾಜರಿ ಕೂಗುತ್ತಾ ಒಂದು ನಂಬರಿಗೆ ನಿಂತರು. "ಎಲ್ಲಿ ಅವನು, ಮೂರು ದಿನ ಆಯ್ತು?" ಹಿಂದಿನಿಂದ ಉತ್ತರ: "ಕಬ್ಬು ಕಡೀತಾವ್ರೆ ಮಿಸ್, ಫ್ಯಾಕ್ಟ್ರಿ ಪರ್ಮಿಟ್ ಬಂದದೆ." ಅತ್ತಿಗೆ ಪುಸ್ತಕದ ಅಂಚಿನಲ್ಲಿ ಸಣ್ಣಗೆ 'ಕ' ಅಂತ ಬರೆದರು. ಮುಂದಿನ ಹೆಸರು.

ಆ 'ಕ' ನನ್ನ ಕಾಲೇಜಿನ ಡ್ಯಾಶ್‌ಬೋರ್ಡಿನಲ್ಲಿ, ಅಂದರೆ ಆ ಚುಕ್ಕಿಗಳು ಕಾಣುವ ಪರದೆಯಲ್ಲಿ, ಇಲ್ಲ. ಚುಕ್ಕಿ ಯಾರು ಅಂತ ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ.

ಹಾಗಂತ ನಮ್ಮೂರೇ ಮೇಲು ಅಂತ ಬೀಗುವುದು ಬೇಡ. ಅತ್ತಿಗೆ ಅತಿಥಿ. ಬರುವ ವರ್ಷ ಅವರಿಗೆ ಆ ಕಾಲೇಜು ಸಿಗದಿದ್ದರೆ 'ಕ' ಕೂಡ ಅವರ ಜೊತೆಗೇ ಹೋಯಿತು. ನೂರಿಪ್ಪತ್ತು ಜನರ ಬಿಕಾಂ ಸೆಕ್ಷನ್ನಿನಲ್ಲಿ ಯಾರ ನೆನಪು ತಾನೆ ಸಾಲುತ್ತದೆ? ಇನ್ನು ಹಾಜರಿ, ಇಂಟರ್ನಲ್ಸ್ ಅಂಕ ನಮ್ಮಲ್ಲೂ ಇವೆ. ಅಂಕಗಳಂತೂ ಈಗ ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳ ಯುಯುಸಿಎಂಎಸ್ ಪೋರ್ಟಲ್ಲಿಗೇ ಏರುತ್ತವೆ. ಮಾಹಿತಿಗೆ ಬರವಿಲ್ಲ. ಅದನ್ನು ತೆಗೆದು ನೋಡುವುದು ಶಿಕ್ಷೆ ಕೊಡುವ ದಿನ, ಹುಡುಗ ಆಗಲೇ ಕೈ ತಪ್ಪಿದ ಮೇಲೆ. ನನ್ನ ಕಾಲೇಜಿನ ಚುಕ್ಕಿ ಎಷ್ಟೇ ಪೆದ್ದಾದರೂ ಮೂರನೇ ವಾರಕ್ಕೆ ಬರುತ್ತದಲ್ಲ.

ಹಾಗಾಗಿ ಮೈಸೂರು, ಮಂಡ್ಯದ ಕಾಲೇಜುಗಳಿಗೆ ಡ್ಯಾಶ್‌ಬೋರ್ಡ್ ಮಾರುವವರು ಬಂದರೆ ಕಾಫಿ ಕೊಟ್ಟು ಕಳಿಸಿ ಅನ್ನುತ್ತೇನೆ. ಮೊದಲು ಶಾರ್ಟೇಜ್ ಲಿಸ್ಟನ್ನು ಮೂರನೇ ವಾರಕ್ಕೆ ಎಳೆದುಕೊಳ್ಳಲಿ. ಒಂದು ಎಕ್ಸೆಲ್ ಹಾಳೆ ಸಾಕು. ಹಾಜರಿ, ಮೊದಲ ಟೆಸ್ಟು, ಫೋನ್ ಮಾಡಿದವರ ಹೆಸರು. ನೋಟಿಸ್ ಬೋರ್ಡಿಗೆ ಹಾಕುವುದು ಬೇಡ. ಕಾರಣ ಕಬ್ಬೇ ಇರಬೇಕೆಂದಿಲ್ಲ, ಹುಡುಗಿಯೊಬ್ಬಳಿಗೆ ಮನೆಯಲ್ಲಿ ಗಂಡು ನೋಡುತ್ತಿರಬಹುದು. ಅದು ಮೇಷ್ಟ್ರಿಗೆ ಗೊತ್ತಿದ್ದರೆ ಸಾಕು, ಸಾಫ್ಟ್‌ವೇರ್ ಕಂಪನಿಗೆ ಯಾಕೆ?

ಇದನ್ನೆಲ್ಲ ಹಬ್ಬದ ಊಟದ ಹೊತ್ತಿಗೆ ಅತ್ತಿಗೆಗೆ ಉತ್ಸಾಹದಿಂದ ವಿವರಿಸಿದೆ. ಅವರು ಎಲೆಗೆ ಇನ್ನೊಂದು ಹೋಳಿಗೆ ಹಾಕುತ್ತಾ ಕೇಳಿದರು, "ಫೋನ್ ಮಾಡೋಣಪ್ಪಾ, ಬೇಡ ಅಂದೋರ್ ಯಾರು. ಗೆಸ್ಟ್ ಲೆಕ್ಚರರ್‌ಗೆ ಪಾಠಕ್ಕೆ ಮಾತ್ರ ದುಡ್ಡು. ಫೋನಿನ ಗಂಟೆ ಯಾರ ಲೆಕ್ಕಕ್ಕೆ?"